ಅಪ್ಪಯ್ಯನ ಮೇಜು ಬಚ್ಚಲುಮನೆ ಸೇರಿದ್ದು

ನಮ್ಮ ಬಚ್ಚಲುಮನೆಯ ಗೋಡೆಯೊಳಗಿನ ನೀರಿನ ಪೈಪು ತುಕ್ಕು ಹಿಡಿದು ಸೋರತೊಡಗಿದ್ದು 2024ರ ಮಳೆಗಾಲದಲ್ಲಿ. ಶಿವಮೊಗ್ಗದ ಈ ಮನೆಯನ್ನು ನಾನು ಕಟ್ಟಿಸಿದ್ದು 1994ರಲ್ಲಿ. ಆ ಕಾಲಕ್ಕೆ ಎಲ್ಲರೂ ಹಾಕಿಸುತ್ತಿದ್ದಂತೆ ನಾನೂ ಜಿ.ಐ. ಪೈಪುಗಳನ್ನೇ ಹಾಕಿಸಿದ್ದೆ. ಮೂವತ್ತು ವರ್ಷ ಬಾಳಿದ್ದೇ ಹೆಚ್ಚು ಎಂದು ಪ್ಲಂಬರ್ ಹೇಳಿದ. ಪೈಪು ಬದಲಿಸಬೇಕಾದರೆ ಗೋಡೆ ಒಡೆಯಬೇಕು, ಗೋಡೆ ಒಡೆದರೆ ಟೈಲ್ಸ್ ಹೋಗುತ್ತದೆ, ಟೈಲ್ಸ್ ಹೋದ ಮೇಲೆ ಹಳೆಯ ಬೇಸಿನ್ನನ್ನೇ ಮತ್ತೆ ಕೂರಿಸುವುದೇಕೆ ಎಂಬ ಮಾತು ಏಳುತ್ತದೆ. ಮನೆ ರಿಪೇರಿ ಮಾಡಿಸಿದವರಿಗೆಲ್ಲ ಈ ಸರಪಳಿಯ ಪರಿಚಯ ಇದ್ದೇ ಇರುತ್ತದೆ.

ಹಳೆಯ ಬೇಸಿನ್ ಮೂಲೆಯಲ್ಲಿ ತೀರ ತಗ್ಗಿನಲ್ಲಿತ್ತು. ನನ್ನಾಕೆಗೆ ಎರಡು ವರ್ಷದ ಹಿಂದೆ ಬಲಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಗಿದೆ. ಬಗ್ಗಿ ಮುಖ ತೊಳೆಯುವಾಗ ಆಕೆ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಕನ್ನಡಕ ತೆಗೆದಿಡಲು ಕೂಡ ಅಲ್ಲಿ ಜಾಗವಿರಲಿಲ್ಲ. ಆದರೆ ಬಚ್ಚಲುಮನೆಯೇನೂ ಚಿಕ್ಕದಲ್ಲ. ಕಟ್ಟಿಸುವಾಗ ಅಮ್ಮ ಹಂಡೆ ಒಲೆಯೇ ಬೇಕೆಂದು ಹಟ ಹಿಡಿದಿದ್ದರಿಂದ ಒಲೆಗೂ ಸೌದೆಗೂ ಸೇರಿಸಿ ಒಂಬತ್ತಡಿಗೆ ಆರಡಿ ಮಾಡಿಸಿದ್ದೆ. ಅಮ್ಮ ಹೋದರು, ಸೋಲಾರ್ ಬಂತು, ಹಂಡೆ ಅಟ್ಟ ಸೇರಿತು. ಹಂಡೆಯ ಮೂಲೆ ಮಾತ್ರ ಬರಿದಾಗಿ ಉಳಿದು, ಪೊರಕೆ ಬಕೆಟ್ಟುಗಳ ತಾಣವಾಗಿತ್ತು.

ಬೆಂಗಳೂರಿನಲ್ಲಿರುವ ಮಗಳು ಫೋನಿಗೆ ಕೆಲವು ಚಿತ್ರಗಳನ್ನು ಕಳುಹಿಸಿದಳು. ಯಾರೋ ತಮ್ಮ ಹಳೆಯ ಮೇಜು, ಕಪಾಟುಗಳ ಮೇಲೆ ಬಟ್ಟಲಿನಂಥ ಬೇಸಿನ್ ಕೂರಿಸಿ, ಕೆಳಗಿನ ಖಾನೆಗಳಲ್ಲಿ ಟವೆಲ್ಲು ಸಾಬೂನು ಇಟ್ಟುಕೊಂಡಿದ್ದರು. ಇದಕ್ಕೆ ‘ವ್ಯಾನಿಟಿ’ ಎನ್ನುತ್ತಾರಂತೆ. ನಮಗೆ ವ್ಯಾನಿಟಿ ಎಂದರೆ ಹೆಂಗಸರ ಬ್ಯಾಗು ಮಾತ್ರ ಗೊತ್ತು. ನಿಘಂಟಿನಲ್ಲಿ ಆ ಪದಕ್ಕೆ ಒಣಜಂಬ ಎಂಬ ಅರ್ಥವೂ ಉಂಟು. ಕನ್ನಡಿಯ ಮುಂದೆ ಕುಳಿತು ಅಲಂಕರಿಸಿಕೊಳ್ಳುವ ಮೇಜಿಗೆ ಇಂಗ್ಲಿಷಿನವರು ಆ ಹೆಸರನ್ನು ಅಂಟಿಸಿ, ಅದು ಮುಂದೆ ಬಚ್ಚಲಿನ ಬೇಸಿನ್ ಮೇಜಿಗೂ ಸಂದಿತು. ವಸ್ತು ಮಾತ್ರ ನಮಗೆ ಅಪರಿಚಿತವಲ್ಲ. ನಾನು ಹುಡುಗನಾಗಿದ್ದಾಗ ವೈದ್ಯರ ಷಾಪಿನಲ್ಲಿ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿಳಿಯ ಎನಾಮಲ್ ಬೋಗುಣಿಯಿಟ್ಟು ಅದರಲ್ಲಿ ಡೆಟಾಲ್ ನೀರು ತುಂಬಿರುತ್ತಿದ್ದರು. ಮನೆಗೆ ನಲ್ಲಿ ಬರುವ ಮೊದಲು ಪಾಶ್ಚಾತ್ಯರ ಮಲಗುವ ಕೋಣೆಗಳಲ್ಲಿಯೂ ಮರದ ಮೇಜಿನ ಮೇಲೆ ಬೋಗುಣಿ, ಪಕ್ಕದಲ್ಲಿ ಹೂಜಿ, ಅಷ್ಟೇ ಇರುತ್ತಿತ್ತು.

“ಊರಲ್ಲಿ ಅಜ್ಜಯ್ಯನ ಮೇಜಿದೆಯಲ್ಲ ಅಪ್ಪ, ಅದನ್ನ ತರಿಸಿ” ಎಂದಳು ಮಗಳು. ನಾನು ಉತ್ತರ ಕೊಡಲಿಲ್ಲ.

ಆ ಮೇಜಿನ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಊರು ತೀರ್ಥಹಳ್ಳಿ ತಾಲ್ಲೂಕಿನದು. ಅಪ್ಪಯ್ಯ ಊರಿನ ಶಾನುಭೋಗರು. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಮುಗಿದುಹೋಯಿತು. ನನಗಾಗ ನಾಲ್ಕು ವರ್ಷ. ಆದ್ದರಿಂದ ನಾನು ಕಂಡದ್ದು ಹುದ್ದೆಯಿಲ್ಲದ ಶಾನುಭೋಗರನ್ನು. ಆದರೂ ಜಗಲಿಯ ಆ ಸಾಗುವಾನಿ ಮೇಜಿನ ಮುಂದೆ ಅವರು ಬೆಳಿಗ್ಗೆ ಎಂಟಕ್ಕೆ ಕುಳಿತುಕೊಳ್ಳುವುದು ನಿಲ್ಲಲಿಲ್ಲ. ಊರವರ ಅರ್ಜಿ, ಕಾಗದ, ಲೆಕ್ಕಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದರು. ಮೇಜು ನಾಲ್ಕಡಿ ಉದ್ದ, ಎರಡಡಿ ಅಗಲ, ಮೂವತ್ತು ಇಂಚು ಎತ್ತರ. ಮೂರು ಖಾನೆಗಳು, ನಾವು ‘ಡ್ರಾ’ ಎನ್ನುತ್ತಿದ್ದೆವು. ಎಡದ್ದರಲ್ಲಿ ಕಾಗದ, ಬಲದ್ದರಲ್ಲಿ ಎಲೆ ಅಡಿಕೆ, ನಡುವಿನದರಲ್ಲಿ ಶಾಯಿ, ನಿಬ್ಬು, ಹೆಬ್ಬೆಟ್ಟಿನ ಗುರುತಿಗಾಗಿ ಶಾಯಿಯ ಪ್ಯಾಡು. ನವರಾತ್ರಿಯಲ್ಲಿ ಅದರ ಮೇಲೆಯೇ ಪುಸ್ತಕಗಳನ್ನಿಟ್ಟು ಸರಸ್ವತಿ ಪೂಜೆ. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಗೇಣಿ ಒಕ್ಕಲಿನವರಂತೂ ಜಗಲಿಯ ಮೆಟ್ಟಿಲ ಕೆಳಗೇ ನಿಂತು ಮಾತಾಡಿ ಹೋಗುತ್ತಿದ್ದರು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಅವನಿಗೆ ಅಧಿಭೋಗದ ಹಕ್ಕನ್ನು ಕೊಡುವ ವ್ಯವಸ್ಥೆ ಬಂದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಮರುವರ್ಷದ ಬೇಸಿಗೆಯಲ್ಲಿ, ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಮನೆಯಲ್ಲಿದ್ದಾಗ, ಒಂದು ಸಂಜೆ ನಮ್ಮದೇ ಗದ್ದೆಯ ಗೇಣಿದಾರ ಬಂದು ಮೆಟ್ಟಿಲ ಬಳಿ ನಿಂತ. ಕೈಯಲ್ಲಿ ಆ ನಮೂನೆ. ಪೇಟೆಯಲ್ಲಿ ಬರೆಯುವವನು ತುಂಬಾ ದುಡ್ಡು ಕೇಳಿದನಂತೆ. ಅವನಿಗೆ ಬೇರೆ ಬರೆಯುವವರು ಗೊತ್ತಿರಲಿಲ್ಲ. ಅಪ್ಪಯ್ಯ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಅಕ್ಕನಿಗೆ ಲಾಟೀನು ತರಲು ಹೇಳಿದರು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಎಲ್ಲವೂ ಅವರಿಗೆ ಬಾಯಿಪಾಠ. ತಮ್ಮ ಹೆಸರನ್ನು ಭೂಮಾಲೀಕನೆಂಬ ಕಡೆಯಲ್ಲಿ ತಾವೇ ಬರೆದರು. “ಮೇಲೆ ಬಾ” ಎಂದು ಅವನನ್ನು ಜಗಲಿಗೆ ಕರೆದು ಹೆಬ್ಬೆಟ್ಟು ಒತ್ತಿಸಿದರು. ಅವನು ಗಾಬರಿಯಲ್ಲಿ, ಶಾಯಿ ಆರದ ಬೆರಳನ್ನೇ ಮೇಜಿನ ಬಲಮೂಲೆಗೆ ಊರಿದ. ನೇರಳೆ ಬಣ್ಣದ ಒಂದು ಗುರುತು, ಅರ್ಧ ಹೆಬ್ಬೆಟ್ಟಿನಷ್ಟು, ಅಲ್ಲಿ ಉಳಿಯಿತು. ಅಮ್ಮ ಸೀಮೆಎಣ್ಣೆ ಬಟ್ಟೆ ತಂದರೆ ಅಪ್ಪಯ್ಯ, “ಇರಲಿ, ಒರೆಸಬೇಡ” ಎಂದರು. ಏಕೆಂದು ನಾವು ಕೇಳಲಿಲ್ಲ. ಅವರು ಹೇಳಲಿಲ್ಲ.

ಹೋದದ್ದು ಒಂದೂವರೆ ಎಕರೆ. ಅಕ್ಕನ ಮದುವೆಗೆಂದು ಅಪ್ಪಯ್ಯ ನೆಚ್ಚಿಕೊಂಡಿದ್ದು ಆ ಗದ್ದೆಯನ್ನೇ. ಲಾಟೀನು ಹಿಡಿದು ನಿಂತಾಗ ಅವಳಿಗೆ ಹತ್ತೊಂಬತ್ತು. ಮದುವೆಯಾದದ್ದು ಇಪ್ಪತ್ತಮೂರಕ್ಕೆ. ಆ ಕಾಲದಲ್ಲಿ ನಾಲ್ಕು ವರ್ಷವೆಂದರೆ ನೆರೆಹೊರೆಯ ಬಾಯಿಗೆ ಸಾಕಷ್ಟು ಕೆಲಸ. ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ.

ಇಂಥ ಮೇಜನ್ನು ಬಚ್ಚಲಿಗೆ ತರುವುದೆ? ಎಂಜಲು ಉಗುಳುವ ಜಾಗಕ್ಕೆ? ಹತ್ತು ದಿನ ನಾನು ಈ ವಿಷಯವನ್ನೇ ಎತ್ತಲಿಲ್ಲ. ಆಮೇಲೆ ಊರಿಗೆ ಹೋಗಿ ನೋಡಿದೆ. ಅಪ್ಪಯ್ಯ 1996ರಲ್ಲಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ದಾಯಾದಿಗಳಿದ್ದಾರೆ. ಮೇಜು ಜಗಲಿಯಿಂದ ಹಿಂದಿನ ಕೊಟ್ಟಿಗೆಯ ಪಕ್ಕದ ಕತ್ತಲ ಕೋಣೆಗೆ ಸರಿದಿತ್ತು. ಮೇಲೆ ಗೊಬ್ಬರದ ಖಾಲಿ ಚೀಲಗಳ ರಾಶಿ, ಒಂದು ಕೆಟ್ಟ ಪಂಪು. ಚೀಲ ಸರಿಸಿ ಎಳೆದಾಗ ಹಿಂದಿನ ಎಡಗಾಲು ನೆಲದಿಂದ ನಾಲ್ಕು ಇಂಚಿನವರೆಗೆ ಬೆರಳೊತ್ತಿದರೆ ಪುಡಿಯಾಯಿತು. ಸಾಗುವಾನಿಯ ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಆದರೆ ಆ ಕಾಲನ್ನು ಮಾಡಿದ ಮರದಲ್ಲಿ ಹೊರಗಿನ ಬಿಳಿಯ ಭಾಗವೂ ಸೇರಿತ್ತು; ಅದು ಗೆದ್ದಲಿಗೆ ಪಂಚಾಮೃತ. ನಾವು ಒಡಹುಟ್ಟಿದವರು ಇಪ್ಪತ್ತೆಂಟು ವರ್ಷಗಳಿಂದ ಸೇರಿದಾಗಲೆಲ್ಲ “ಅಪ್ಪಯ್ಯನ ಮೇಜು” ಎಂದು ಗದ್ಗದಿತರಾಗುತ್ತಿದ್ದೆವು. ಅದನ್ನು ಒಂದು ಸಲ ಒರೆಸಿದವರು ಯಾರೂ ಇಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅಂದೇ ಒಂದು ಗೂಡ್ಸ್ ಆಟೋ ಗೊತ್ತುಮಾಡಿ ಶಿವಮೊಗ್ಗಕ್ಕೆ ತಂದೆ.

ನಮ್ಮ ಬಡಗಿ ಆಚಾರ್ರು ಮೇಜನ್ನು ತಟ್ಟಿ ನೋಡಿ, “ಮರ ಗಟ್ಟಿಯಿದೆ ಮೇಷ್ಟ್ರೇ, ಆದ್ರೆ ಬಚ್ಚಲಿಗೆ ಮರ ಯಾಕೆ?” ಎಂದರು. ನ್ಯಾಯವಾದ ಪ್ರಶ್ನೆ. ಚಿತ್ರದಲ್ಲಿದ್ದವರ ಬಚ್ಚಲುಗಳಲ್ಲಿ ನೆಲ ಒದ್ದೆಯಾಗುವುದಿಲ್ಲ. ನಾವು ಚೊಂಬಿನಲ್ಲಿ ನೀರು ಹೊಯ್ದುಕೊಂಡು ಸ್ನಾನ ಮಾಡುವವರು. ಕೊನೆಗೆ ಒಂದು ಬಕೆಟ್ ನೀರು ಸುರಿದು ಪೊರಕೆಯಲ್ಲಿ ಗುಡಿಸದೆ ನಮ್ಮ ಬಚ್ಚಲು ಶುದ್ಧವಾಗುವುದಿಲ್ಲ. ಆದ್ದರಿಂದ ಮೊದಲ ಕೆಲಸ ನೆಲದ್ದು. ಹಂಡೆಯಿದ್ದ ಭಾಗವನ್ನು ಒಂದೂವರೆ ಇಂಚು ಎತ್ತರಿಸಿ, ಸ್ನಾನದ ಜಾಗಕ್ಕೂ ಅದಕ್ಕೂ ನಡುವೆ ಗಾಜಿನ ತಡಿಕೆ ಹಾಕಿಸಿದೆವು. ಹೀಗೆ ಎರಡು ಭಾಗ ಮಾಡಲು ಜಾಗವಿಲ್ಲದವರು ಮರದ ಮೇಜಿನ ಆಸೆಯನ್ನೇ ಬಿಡುವುದು ಒಳ್ಳೆಯದು. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಎತ್ತರದ ಲೆಕ್ಕ ನನಗೆ ಬಹಳ ಸಂತೋಷ ಕೊಟ್ಟಿತು. ಮೂವತ್ತು ಇಂಚಿನ ಮೇಜಿನ ಮೇಲೆ ಐದೂವರೆ ಇಂಚಿನ ಬೇಸಿನ್ ಕೂರಿಸಿದರೆ ಮೂವತ್ತೈದೂವರೆಯಾಗುತ್ತದೆ. ಐದಡಿಯೂ ಇಲ್ಲದ ನನ್ನಾಕೆ ಮೊಣಕೈ ಎತ್ತಿ ಮುಖ ತೊಳೆಯಬೇಕಾಗುತ್ತದೆ, ನೀರು ತೋಳಿಗೆ ಇಳಿಯುತ್ತದೆ. ಆದರೆ ಗೆದ್ದಲು ತಿಂದ ನಾಲ್ಕು ಇಂಚನ್ನು ಹೇಗೂ ಕತ್ತರಿಸಲೇಬೇಕಿತ್ತು. ನಾಲ್ಕೂ ಕಾಲುಗಳನ್ನು ಅಷ್ಟೇ ಕತ್ತರಿಸಿ, ಕೆಳಗೆ ಮುಕ್ಕಾಲು ಇಂಚಿನ ಗ್ರಾನೈಟ್ ತುಂಡುಗಳನ್ನಿಟ್ಟೆವು. ಬೇಸಿನ್ನಿನ ಅಂಚು ಮೂವತ್ತೆರಡೂಕಾಲಿಗೆ ಬಂದು ನಿಂತಿತು. ಆಕೆ ಎದುರು ನಿಂತು ನೋಡಿ, “ಇಷ್ಟೇ ಸಾಕು” ಎಂದಳು. ಗೆದ್ದಲೂ ಅಳತೆ ನೋಡಿಯೇ ತಿಂದಿತ್ತೆಂದು ಆಚಾರ್ರು ನಕ್ಕರು.

ಕತ್ತರಿಸಿದ ತುದಿಗಳ ಬಗ್ಗೆ ಮಾತ್ರ ನಾನು ಮೇಷ್ಟರಿಕೆ ಮಾಡಿದೆ. ಮರವೆಂದರೆ ನೀರು ಸಾಗಿಸುತ್ತಿದ್ದ ಸಣ್ಣ ಸಣ್ಣ ನಾಳಗಳ ಕಂತೆ. ಒಂಬತ್ತನೆಯ ತರಗತಿಗೆ ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆದಿದ್ದೇನೋ! ಅಡ್ಡಕೊಯ್ದ ತುದಿಯಲ್ಲಿ ಆ ನಾಳಗಳು ಬಾಯ್ತೆರೆದಿರುವುದರಿಂದ ಹಲಗೆಯ ಮೇಲ್ಮೈಗಿಂತ ಅಲ್ಲಿ ನೀರು ಬೇಗ ಏರುತ್ತದೆ. ನೀರು ಹೀರಿದ ಮರ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಉಬ್ಬುತ್ತದೆ. ಹಾಗಾಗಿ ಕಾಲಿನ ತುದಿಗಳಿಗೂ, ಬೇಸಿನ್ನಿನ ನೀರು ಇಳಿಯಲು ಕೊರೆದ ತೂತಿನ ಒಳ ಅಂಚಿಗೂ ಅರಾಲ್ಡೈಟ್ ತುಂಬಿಸಿ, ಆಮೇಲೆ ಮೇಲೆ, ಕೆಳಗೆ, ಖಾನೆಗಳ ಒಳಗೆ ಎಲ್ಲ ಕಡೆಯೂ ಪಿ.ಯು. ಪಾಲಿಶ್ ಮಾಡಿಸಿದೆ. ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಹಚ್ಚಿ ಅಡಿಭಾಗವನ್ನು ಬಿಟ್ಟರೆ ಒಂದೇ ಕಡೆಯಿಂದ ತೇವ ಎಳೆದು ಹಲಗೆ ಬಾಗುತ್ತದೆ. ನಲ್ಲಿಯನ್ನು ಮೇಜಿನ ಮೇಲೆ ಕೂರಿಸಲು ಒಪ್ಪದೆ ಗೋಡೆಯಿಂದಲೇ ಬರುವಂತೆ ಮಾಡಿಸಿದೆ. ಗೋಡೆ ಹೇಗೂ ಒಡೆದಿತ್ತು. ಇದರಿಂದ ಅಪ್ಪಯ್ಯನ ಮೇಜಿಗೆ ಬಿದ್ದದ್ದು ಒಂದೇ ತೂತು, ಎರಡು ಇಂಚಿನದು.

ಆ ತೂತಿನ ಕೆಳಗೆ ಬಾಟಲ್ ಟ್ರ್ಯಾಪ್ ಬರಬೇಕು. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿದ್ದು ಮೋರಿಯ ವಾಸನೆಯನ್ನು ತಡೆಯುತ್ತದೆ, ಅದಿಲ್ಲದೆ ಆಗದು. ಅದು ನಡುವಿನ ಡ್ರಾ ಇರುವ ಜಾಗವನ್ನೇ ಆಕ್ರಮಿಸುತ್ತದೆ. ಕೆಲವರು ಡ್ರಾವನ್ನು ಪೈಪಿನ ಸುತ್ತ ಬರುವಂತೆ ಕೊರೆದು ಉಳಿಸಿಕೊಳ್ಳುತ್ತಾರೆ. ನಮ್ಮ ಡ್ರಾ ಆಳವಿಲ್ಲದ್ದು, ಕೊರೆದರೆ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಅದರ ಮುಂಭಾಗದ ಹಲಗೆಯನ್ನು ಹಿತ್ತಾಳೆಯ ಹಿಡಿಯ ಸಮೇತ ಬಿಡಿಸಿ ಮೇಜಿಗೇ ಕೂಡಿಸಿ, ಒಳಗಿನ ಪೆಟ್ಟಿಗೆಯನ್ನು ಹಾಗೆಯೇ ಹೊರತೆಗೆದು ಅಟ್ಟದ ಮೇಲಿಟ್ಟೆ. ನೋಡಿದವರಿಗೆ ಮೂರೂ ಡ್ರಾ ಇದ್ದಂತೆಯೇ ಕಾಣುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದವನು ಒಂದು ಮಾತನ್ನು ಹೇಳಲು ಮರೆತೆ. ನವೆಂಬರ್ ತಿಂಗಳು. ನಮ್ಮಂಥ ಪಿಂಚಣಿದಾರರು ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ಬರೆದುಕೊಟ್ಟು ಬರಬೇಕಲ್ಲ, ಅದಕ್ಕಾಗಿ ಹೋಗಿದ್ದೆ. ಸರದಿ ಉದ್ದವಿತ್ತು. ಹಿಂದಿರುಗುವಾಗ ಬೀದಿಯ ತುದಿಗೇ ಯಂತ್ರದ ಸದ್ದು ಕೇಳಿಸಿತು. ಅಂಗಳದಲ್ಲಿ ಆಚಾರ್ರ ಹುಡುಗ ಸ್ಯಾಂಡಿಂಗ್ ಯಂತ್ರ ಹಿಡಿದು ಮೇಜಿನ ಮೇಲ್ಭಾಗವನ್ನು ಉಜ್ಜಿ ಮುಗಿಸಿದ್ದ. ಹೊಸ ಮರದಂತೆ ಹೊಂಬಣ್ಣಕ್ಕೆ ತಿರುಗಿದ ಹಲಗೆ ಹೊಳೆಯುತ್ತಿತ್ತು. ಬಲಮೂಲೆಯಲ್ಲಿ ಏನೂ ಇರಲಿಲ್ಲ. “ಅಲ್ಲೊಂದು ಇಂಕಿನ ಕಲೆ ಇತ್ತು ಸಾರ್, ಹೋಗಕ್ಕೆ ಸ್ವಲ್ಪ ಕಷ್ಟ ಆಯ್ತು, ಪೂರ್ತಿ ತೆಗೆದಿದ್ದೀನಿ” ಎಂದ ಹುಡುಗ, ಮೆಚ್ಚುಗೆಯ ಮಾತಿಗಾಗಿ ನನ್ನ ಮುಖ ನೋಡುತ್ತ. ಅವನದೇನು ತಪ್ಪು? ಕಲೆ ತೆಗೆಯುವುದೇ ಅವನ ಕೆಲಸ. “ಚೆನ್ನಾಗಿ ಮಾಡಿದ್ದೀಯಪ್ಪ” ಎಂದೆ. ಒಳಗೆ ಹೋಗಿ ನೀರು ಕುಡಿದೆ. ನೆಲದ ಮೇಲೆ ಬಿದ್ದಿದ್ದ ಹಿಟ್ಟಿನಂಥ ಪುಡಿಯನ್ನು ಸಂಜೆ ನಾನೇ ಗುಡಿಸಿದೆ.

ಸಂಕ್ರಾಂತಿಗೆ ಸಾಗರದಿಂದ ಅಕ್ಕ ಬರುವವಳಿದ್ದಳು. ಮೇಜನ್ನು ಏನು ಮಾಡಿದ್ದೇನೆಂದು ಅವಳಿಗೆ ತಿಳಿಸಿರಲಿಲ್ಲ. ಮಡಿ ಮೈಲಿಗೆಯಲ್ಲಿ ಅವಳು ಅಮ್ಮನಷ್ಟೇ ಗಟ್ಟಿ. ಸರಸ್ವತಿ ಪೂಜೆಯಾದ ಮೇಜಿನ ಮೇಲೆ ಹಲ್ಲುಜ್ಜುವುದೆ ಎಂದು ಅವಳು ಕೇಳಿದರೆ ಕೊಡಬೇಕಾದ ಉತ್ತರಗಳನ್ನು ನಾನು ಪಾಠಟಿಪ್ಪಣಿಯಂತೆ ಸಿದ್ಧಪಡಿಸಿಟ್ಟುಕೊಂಡಿದ್ದೆ. ಗೆದ್ದಲಿನ ವಿಷಯ, ಇವಳ ಮಂಡಿಯ ವಿಷಯ, ನೀರು ಪಿಂಗಾಣಿಗೆ ತಾಕುತ್ತದೆಯೇ ಹೊರತು ಮರಕ್ಕಲ್ಲ ಎಂಬ ವಾದ, ಎಲ್ಲವೂ ಕ್ರಮವಾಗಿ.

ಅಕ್ಕ ಬಂದವಳು ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಬಾಗಿಲ ಬಳಿ ಹೋಗಿ ನಿಂತೆ. ಅವಳು ಮೇಜಿನ ಬಲಮೂಲೆಯನ್ನು ಅಂಗೈಯಿಂದ ಸವರುತ್ತಿದ್ದಳು. ತಿರುಗಿ ನೋಡದೆಯೇ ಕೇಳಿದಳು: “ಆ ಗುರುತು ಎಲ್ಲಿ ಹೋಯ್ತು ಮಾರಾಯ?”

ನನ್ನ ಟಿಪ್ಪಣಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದೆ. ಹುಡುಗನ ಮೇಲೆ ಹಾಕದೆ, ಹೇಳಲು ಮರೆತದ್ದು ನಾನೇ ಎಂದೆ. ಅವಳು ಬೈಯಲಿಲ್ಲ. “ನಾನು ಮದುವೆಯಾಗಿ ಹೋಗುವ ದಿನ ಬೆಳಿಗ್ಗೆ ಅಪ್ಪಯ್ಯನಿಗೆ ನಮಸ್ಕಾರ ಮಾಡಕ್ಕೆ ಜಗಲಿಗೆ ಹೋದೆ. ಅವರು ಅದನ್ನೇ ನೋಡ್ತಾ ಕೂತಿದ್ರು. ನನ್ನ ಕಂಡು ಅದರ ಮೇಲೆ ಕೈ ಇಟ್ಟು ಮುಚ್ಚಿಕೊಂಡ್ರು” ಎಂದಳು. ಅರವತ್ತು ದಾಟಿದ ಮೇಲೆ ಅಪ್ಪಯ್ಯನ ಬಗ್ಗೆ ನನಗೆ ಗೊತ್ತಿಲ್ಲದ ಸಂಗತಿಯೊಂದು ಬಚ್ಚಲುಮನೆಯಲ್ಲಿ ತಿಳಿಯಿತು. ಆಮೇಲೆ ಅವಳು ನಲ್ಲಿ ತಿರುಗಿಸಿ, ಯಾವ ಸಂಕೋಚವೂ ಇಲ್ಲದೆ ಆ ಬೇಸಿನ್ನಿನಲ್ಲಿ ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, “ಎತ್ತರ ಸರಿಯಾಗಿದೆ” ಎಂದಳು.

ಎಳ್ಳು ಬೀರಿ ಮುಗಿದ ಮರುದಿನ ಹೊರಡುವಾಗ, ನಡುವಿನ ಡ್ರಾ ಏನಾಯಿತೆಂದು ಕೇಳಿದಳು. ಮುಂಭಾಗದ ಹಲಗೆ ಅಲುಗಾಡದ್ದನ್ನು ಆಗಲೇ ಎಳೆದು ನೋಡಿಯಾಗಿತ್ತು. ಅಟ್ಟದಿಂದ ಪೆಟ್ಟಿಗೆ ಇಳಿಸಿ ಕೊಟ್ಟೆ. ಅದಕ್ಕೆ ಯಂತ್ರ ತಾಗಿರಲಿಲ್ಲ. ತಳದ ಹಲಗೆಯ ತುಂಬ ಅಪ್ಪಯ್ಯ ಹೊಸ ನಿಬ್ಬನ್ನು ಪರೀಕ್ಷಿಸಲು ಎಳೆದ ಸಣ್ಣ ಸಣ್ಣ ಗೀಟುಗಳು, ಮೂಲೆಯಲ್ಲಿ ಪ್ಯಾಡಿನ ನೇರಳೆ ಬಣ್ಣದ ಚೌಕ. ಅಕ್ಕ ಅದನ್ನು ಹಳೆಯ ಪಂಚೆಯೊಂದರಲ್ಲಿ ಕಟ್ಟಿಕೊಂಡಳು. ಬಸ್ಸಿನಲ್ಲಿ ಮೇಲೆ ಇಡುತ್ತೇನೆಂದರೆ ಕೇಳದೆ ತೊಡೆಯ ಮೇಲೇ ಇರಿಸಿಕೊಂಡಳು.

ಮೇಜು 2025ರ ಮಳೆಗಾಲವನ್ನು ಕಂಡಿತು. ಹಲಗೆ ಬಾಗಿಲ್ಲ, ಪಾಲಿಶ್ ಎದ್ದಿಲ್ಲ. ಜುಲೈ ತಿಂಗಳಲ್ಲಿ ಎಡಗಡೆಯ ಡ್ರಾ ಮಾತ್ರ ಬಿಗಿದುಕೊಂಡು, ಅದರಲ್ಲಿದ್ದ ಮಾತ್ರೆಗಳನ್ನು ತೆಗೆಯಲಾಗದೆ ನನ್ನಾಕೆ ಪೇಚಾಡಿದಳು. ಆಚಾರ್ರನ್ನು ಕರೆಸಬೇಕೆಂದುಕೊಂಡಿದ್ದೆ. ಅಕ್ಕ ಫೋನಿನಲ್ಲಿ ಮಾತಾಡುತ್ತ, “ಕಾಯಿಸುವುದೂ ಬೇಡ, ಕೆತ್ತುವುದೂ ಬೇಡ. ಮೇಣದಬತ್ತಿ ಉಜ್ಜು. ಅದು ಮೊದಲಿಂದ್ಲೂ ಆಷಾಢದಲ್ಲಿ ಹಾಗೇ ಮಾಡ್ತದೆ” ಎಂದಳು. ಉಜ್ಜಿದೆ. ಬಿಟ್ಟುಕೊಂಡಿತು.